ಕೋಲಾರದ ಚಿನ್ನ ಎಲ್ಲಿ ಹೋಯಿತು?

1881ರ ಮಾರ್ಚ್ 25ರಂದು, ಐವತ್ತು ವರ್ಷಗಳ ನೇರ ಆಳ್ವಿಕೆಯ ನಂತರ, ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಮರಳಿಸಿದರು. ಪಟ್ಟಕ್ಕೆ ಬಂದ ಹತ್ತನೇ ಚಾಮರಾಜ ಒಡೆಯರಿಗೆ ಆಗ ಹದಿನೆಂಟು ವರ್ಷ. ದಿವಾನ್ ರಂಗಾಚಾರ್ಲು ಖಜಾನೆಯ ಲೆಕ್ಕ ತೆರೆದಾಗ ಎದುರಿಗಿದ್ದದ್ದು ಸುಮಾರು 80 ಲಕ್ಷ ರೂಪಾಯಿಯ ಸಾಲ. ಅದು 1876ರಿಂದ 1878ರವರೆಗಿನ ದೊಡ್ಡ ಬರಗಾಲ ಬಿಟ್ಟುಹೋದ ಸಾಲ. ಆ ಬರದಲ್ಲಿ ಸಂಸ್ಥಾನದ ಐದು ಜನರಲ್ಲಿ ಒಬ್ಬರು ಇಲ್ಲವಾಗಿದ್ದರು. ಕಂದಾಯ ಕೊಡಬೇಕಾದ ರೈತ ಸತ್ತಿದ್ದ, ಇಲ್ಲವೇ ಗುಳೆ ಹೋಗಿದ್ದ. ಅದರ ಮೇಲೆ ಬ್ರಿಟಿಷ್ ಸರ್ಕಾರಕ್ಕೆ ವರ್ಷಾವರ್ಷ ಇಪ್ಪತ್ತನಾಲ್ಕೂವರೆ ಲಕ್ಷದ ಪೊಗದಿಯನ್ನು ತಪ್ಪದೆ ಕಟ್ಟಬೇಕಿತ್ತು.

ಅದೇ ಹೊತ್ತಿನಲ್ಲಿ ಸಂಸ್ಥಾನದ ಪೂರ್ವದ ಅಂಚಿನಲ್ಲಿ, ಮಾರಿಕುಪ್ಪಂ ಮತ್ತು ಉರಿಗಾಂ ಎಂಬ ಸಣ್ಣ ಹಳ್ಳಿಗಳ ನಡುವಿನ ಕುರುಚಲು ಬಯಲಿನಲ್ಲಿ, ಲಂಡನ್ನಿನಲ್ಲಿ ಬಂಡವಾಳ ಎತ್ತಿದ ಕಂಪನಿಗಳು ನೆಲ ಅಗೆಯುತ್ತಿದ್ದವು. ಅಲ್ಲಿ ಚಿನ್ನವಿದೆ ಎಂಬುದು ಊರಿನವರಿಗೆ ಹೊಸ ಸುದ್ದಿಯಾಗಿರಲಿಲ್ಲ. ತಲೆಮಾರುಗಳ ಹಿಂದೆಯೇ ಯಾರೋ ತೋಡಿದ್ದ ಕುಳಿಗಳು ಆ ಬಯಲಿನ ತುಂಬ ಇದ್ದವು. ಟಿಪ್ಪುವಿನ ಪತನದ ನಂತರ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಈ ವದಂತಿಯನ್ನು ಕೇಳಿ, ಚಿನ್ನ ತೋರಿಸಿದವರಿಗೆ ಇನಾಮು ಕೊಡುವುದಾಗಿ ಸಾರಿದ. ಹಳ್ಳಿಯವರು ಎತ್ತಿನ ಗಾಡಿಗಳಲ್ಲಿ ಮಣ್ಣು ತುಂಬಿ ತಂದರು. ಅವನ ಕಣ್ಣೆದುರೇ ತೊಳೆದರು. ಮಣ್ಣಿನ ತಳದಲ್ಲಿ ಹಳದಿ ಪುಡಿ ನಿಂತಿತು. ವಾರನ್ ವರದಿ ಬರೆದ. ಅದು ಎಪ್ಪತ್ತು ವರ್ಷ ಹಾಗೇ ಬಿದ್ದಿತ್ತು.

ಅದನ್ನು ಹುಡುಕಿ ಓದಿದವನು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್. ನ್ಯೂಜಿಲೆಂಡಿನ ಮಾವೋರಿ ಯುದ್ಧಗಳಲ್ಲಿ ಕಾದಾಡಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಇವನದೇ ಹೆಸರು. 1873ರಲ್ಲಿ ಅರ್ಜಿ ಹಾಕಿ, 1875ರ ಫೆಬ್ರವರಿಯಲ್ಲಿ ಇಪ್ಪತ್ತು ವರ್ಷಗಳ ಗುತ್ತಿಗೆ ಪಡೆದ. ಅಗೆಯಲು ಅವನ ಕೈಯಲ್ಲಿ ಹಣ ಸಾಲಲಿಲ್ಲ. ಎರಡೇ ವರ್ಷದಲ್ಲಿ ಹಕ್ಕನ್ನು ಸೇನಾಧಿಕಾರಿಗಳ ಒಂದು ಕೂಟಕ್ಕೆ ವಹಿಸಿಕೊಟ್ಟ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಗಣಿ ವ್ಯವಸ್ಥಾಪಕರು ಬಂದರು. ಮೊದಲ ವರ್ಷಗಳಲ್ಲಿ ಅವರ ಮೈಸೂರು ಕಂಪನಿಯ ಬಂಡವಾಳವೂ ಬರಿದಾಗುತ್ತ ಬಂದು, ಬಾಗಿಲು ಹಾಕುವ ಮಾತು ಶುರುವಾಗಿತ್ತು. 1883ರಲ್ಲಿ ಕ್ಯಾಪ್ಟನ್ ಪ್ಲಮರ್ ಹಳೆಯ ಕುಳಿಗಳ ಜಾಡು ಹಿಡಿದು ಅವುಗಳ ಕೆಳಗೆ ಅಗೆಸಿದ. ಅಲ್ಲಿ ಸಿಕ್ಕಿದ್ದು ಚಾಂಪಿಯನ್ ಲೋಡ್, ಕೋಲಾರದ ಮುಂದಿನ ನೂರಿಪ್ಪತ್ತು ವರ್ಷಗಳ ಚಿನ್ನದ ಬಹುಪಾಲನ್ನು ಕೊಟ್ಟ ಬಿಳಿಗಲ್ಲಿನ ಪದರ.

ಆ ಮೊದಲ ದಶಕದಲ್ಲಿ ಒಂದು ಟನ್ ಕಲ್ಲಿಗೆ ನಲವತ್ತು ಗ್ರಾಂಗೂ ಹೆಚ್ಚು ಚಿನ್ನ ಬರುತ್ತಿತ್ತು. ಜಗತ್ತಿನ ಗಣಿಗಳಲ್ಲಿ ಅಷ್ಟು ಸಿರಿವಂತ ಕಲ್ಲು ಅಪರೂಪ. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಘಾಟ್ ಗಣಿಗಳು ಒಂದರ ಪಕ್ಕ ಒಂದು ಎದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ಹತ್ತು ಮೈಲಿಯ ರೈಲು ಹಳಿ ಬಿತ್ತು. 1905ರ ಸುಮಾರಿಗೆ ಉತ್ಪಾದನೆ ತುತ್ತತುದಿ ಮುಟ್ಟಿತು, ವರ್ಷಕ್ಕೆ ಸುಮಾರು 19 ಟನ್.

ಇಲ್ಲಿ ಒಂದು ಲೆಕ್ಕ ಹಾಕಬೇಕು. ಗಣಿ ಗುತ್ತಿಗೆಯ ಪ್ರಕಾರ ಮೈಸೂರು ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಚಿನ್ನದ ಮೌಲ್ಯದ ನೂರಕ್ಕೆ ಐದು. 19 ಟನ್ ಎಂದರೆ ಆರು ಲಕ್ಷ ಔನ್ಸಿಗೂ ಮೇಲೆ. ಆಗ ಔನ್ಸಿಗೆ ಸುಮಾರು ನಾಲ್ಕು ಪೌಂಡ್, ಪೌಂಡಿಗೆ ಹದಿನೈದು ರೂಪಾಯಿ. ಗುಣಿಸಿ ನೋಡಿದರೆ ಅತಿ ಹೆಚ್ಚು ಚಿನ್ನ ತೆಗೆದ ವರ್ಷದಲ್ಲೂ ಸಂಸ್ಥಾನದ ಪಾಲು ಹದಿನೆಂಟು ಲಕ್ಷ ರೂಪಾಯಿಯ ಆಸುಪಾಸು. ಸಾಲದ ಹೊರೆಯಿಂದ ತಲೆ ಎತ್ತುತ್ತಿದ್ದ ಖಜಾನೆಗೆ ಅದು ಸಣ್ಣ ಮೊತ್ತವಲ್ಲ. ಮಳೆ ಬಂದರೂ ಬಾರದಿದ್ದರೂ ಕೈಗೆ ಸಿಗುವ ಹಣವದು, ಭೂಕಂದಾಯದ ಹಾಗೆ ಮೋಡ ನೋಡಿ ಕೂರಬೇಕಿರಲಿಲ್ಲ. ಆದರೆ ಉಳಿದ ತೊಂಬತ್ತೈದು ಭಾಗದಲ್ಲಿ ಕೂಲಿ, ಯಂತ್ರ, ಸೌದೆ, ಕಲ್ಲಿದ್ದಲಿನ ಖರ್ಚು ಕಳೆದು ಮಿಕ್ಕಿದ್ದೆಲ್ಲ ಲಾಭಾಂಶವಾಗಿ ಲಂಡನ್ನಿನ ಷೇರುದಾರರ ಮನೆ ಸೇರಿತು. ಕಲ್ಲು ಅತ್ಯಂತ ಸಿರಿವಂತವಾಗಿದ್ದ ವರ್ಷಗಳಲ್ಲಿ ಆ ಸಿರಿಯ ಒಡೆತನ ಇಲ್ಲಿಯದಾಗಿರಲಿಲ್ಲ. ಕೋಲಾರದ ಕಥೆಯಲ್ಲಿ ಮುಂದೆ ಆದ ಪ್ರತಿಯೊಂದಕ್ಕೂ ಈ ಸಂಗತಿ ತಳಹದಿ.

ಹಾಗಿದ್ದೂ ಆ ಐದು ಭಾಗವನ್ನು ಇಟ್ಟುಕೊಂಡು ಮೈಸೂರಿನ ದಿವಾನರು ಏನು ಮಾಡಿದರು ಎಂಬುದನ್ನು ನಿಧಾನವಾಗಿ ನೋಡಬೇಕು. ಈ ನೆಲದ ಆರ್ಥಿಕ ಇತಿಹಾಸದಲ್ಲಿ ಅದಕ್ಕಿಂತ ದೂರದೃಷ್ಟಿಯ ಕೆಲಸ ನನಗೆ ಕಂಡಿಲ್ಲ.

ಗಣಿಗಳಿಗೆ ಶಕ್ತಿ ಬೇಕಿತ್ತು. ಆಳದಿಂದ ಕಲ್ಲು ಎತ್ತಲು, ನೀರು ಹೊರಹಾಕಲು, ಗಾಳಿ ಒಳಗೆ ತಳ್ಳಲು, ಕಲ್ಲು ಕುಟ್ಟುವ ಗಿರಣಿ ತಿರುಗಿಸಲು ಉಗಿಯಂತ್ರಗಳೇ ಗತಿ. ಅವುಗಳ ಒಲೆಗೆ ಸುತ್ತಲ ಕಾಡಿನ ಸೌದೆ, ದೂರದಿಂದ ತರಿಸಿದ ಕಲ್ಲಿದ್ದಲು. ದಿವಾನ್ ಶೇಷಾದ್ರಿ ಅಯ್ಯರ್ ಅವರಿಗೆ ಗಣಿಯ ಈ ಹಸಿವಿನಲ್ಲಿ ಒಬ್ಬ ಖಾಯಂ ಗಿರಾಕಿ ಕಂಡ. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವಲ್ಲಿ ವಿದ್ಯುತ್ ತಯಾರಿಸಿ, ಅದನ್ನು ಗಣಿಗೆ ಮಾರುವುದು. ಕ್ಯಾಪ್ಟನ್ ಡಿ ಲಾಟ್‌ಬಿನಿಯರ್ ಅಮೆರಿಕ ಮತ್ತು ಯುರೋಪ್ ಸುತ್ತಿ ಬಂದು ಯೋಜನೆ ಕೈಗೆತ್ತಿಕೊಂಡ. ಯಂತ್ರಗಳು ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ಕರೆಂಟನ್ನು ಅಷ್ಟು ದೂರ ತಂತಿಯಲ್ಲಿ ಒಯ್ಯಬಹುದೇ ಎಂಬ ಅನುಮಾನ ಆಗ ಜಗತ್ತಿನಲ್ಲೇ ಇತ್ತು. 1902ರ ಜೂನ್ 30ರಂದು 92 ಮೈಲಿ ಉದ್ದದ ಮಾರ್ಗದಲ್ಲಿ ಕಾವೇರಿಯ ವಿದ್ಯುತ್ ಕೋಲಾರದ ಗಣಿಗೆ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿ ಅದು ನಿಂತಿತ್ತು. ಅದನ್ನು ಕಾಣಲು ಶೇಷಾದ್ರಿ ಅಯ್ಯರ್ ಇರಲಿಲ್ಲ, ಹಿಂದಿನ ವರ್ಷ ತೀರಿಕೊಂಡಿದ್ದರು.

ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರ ಆಗಸ್ಟಿನಲ್ಲಿ. ಕೋಲಾರದ ಗಣಿ ಗಿರಾಕಿಯಾಗಿ ಸಿಗದಿದ್ದರೆ ಶಿವನಸಮುದ್ರದ ಯೋಜನೆಗೆ ಅಷ್ಟು ಬೇಗ ಹಣ ಹೂಡುವ ಧೈರ್ಯ ಸಂಸ್ಥಾನಕ್ಕೆ ಬರುತ್ತಿರಲಿಲ್ಲ. ಚಿನ್ನದ ಮೇಲಿನ ರಾಜಧನ ಒಂದು ಆದಾಯವಾದರೆ ಗಣಿಗೆ ಮಾರಿದ ವಿದ್ಯುತ್ ಇನ್ನೊಂದು ಆದಾಯವಾಯಿತು. ಇವೆರಡರಲ್ಲಿ ಎರಡನೆಯದು ಹೆಚ್ಚು ಮುಖ್ಯ. ರಾಜಧನ ಚಿನ್ನ ಇರುವ ತನಕ ಮಾತ್ರ. ಜಲವಿದ್ಯುತ್ ಕೇಂದ್ರವಾದರೋ ಚಿನ್ನ ತೀರಿದ ಮೇಲೂ ತಿರುಗುತ್ತದೆ. ನೂರಿಪ್ಪತ್ತು ವರ್ಷ ದಾಟಿದರೂ ಶಿವನಸಮುದ್ರ ತಿರುಗುತ್ತಲೇ ಇದೆ.

ಈ ಸರಪಳಿ ಅಲ್ಲಿಗೆ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ವಿದ್ಯುತ್ ತಗ್ಗುತ್ತಿತ್ತು, ಗಣಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ಮೇಲ್ಭಾಗದಲ್ಲಿ ನೀರು ಹಿಡಿದಿಟ್ಟು ವರ್ಷವಿಡೀ ಸಮನಾಗಿ ಬಿಡಬೇಕು ಎಂಬ ಅಗತ್ಯ ಕನ್ನಂಬಾಡಿ ಕಟ್ಟೆಯ ಮೂಲ ಕಾರಣಗಳಲ್ಲೊಂದು. ಮುಖ್ಯ ಇಂಜಿನಿಯರ್ ವಿಶ್ವೇಶ್ವರಯ್ಯ ಅಣೆಕಟ್ಟಿನ ಯೋಜನೆ ಮುಂದಿಟ್ಟಾಗ, ಗಣಿಗೆ ಮಾರುವ ವಿದ್ಯುತ್ತಿನಿಂದ ಖರ್ಚು ಮರಳುತ್ತದೆ ಎಂಬುದು ಅವರ ಗಟ್ಟಿ ವಾದವಾಗಿತ್ತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 81 ಲಕ್ಷ ರೂಪಾಯಿಗೆ ಮಂಜೂರಾತಿ ಕೊಟ್ಟರು. ಕಟ್ಟೆ ಎದ್ದಿತು, ಮೂವತ್ತರ ದಶಕದಲ್ಲಿ ನಾಲೆಯ ನೀರು ಮಂಡ್ಯದ ಬಯಲಿಗೆ ಇಳಿಯಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಹುಟ್ಟಿತು. ಇವತ್ತು ಮಂಡ್ಯದ ಗದ್ದೆಯಲ್ಲಿ ಕಬ್ಬು ಕಡಿಯುವ ರೈತನಿಗೆ ತನ್ನ ನಾಲೆಯ ಮೂಲದಲ್ಲಿ ಮಾರಿಕುಪ್ಪಂ ಬಿಳಿಗಲ್ಲು ಇದೆ ಎಂದು ಯಾರೂ ಹೇಳಿರಲಿಕ್ಕಿಲ್ಲ. ಕೋಲಾರದ ಪ್ರೌಢಶಾಲೆಗಳಲ್ಲಾದರೂ ಇದನ್ನು ಹೇಳಿಕೊಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನೆಲದಡಿಯ ಸಂಪತ್ತು ಒಮ್ಮೆ ತೆಗೆದರೆ ಮುಗಿಯಿತು, ಆದ್ದರಿಂದ ಅದರಿಂದ ಬಂದ ಹೆಚ್ಚುವರಿಯನ್ನು ಉಣ್ಣದೆ, ಮುಗಿಯದ ಇನ್ನೊಂದು ಆಸ್ತಿಯಾಗಿ ಮಾರ್ಪಡಿಸಬೇಕು ಎಂಬ ಸೂತ್ರವನ್ನು ಕೆನಡಾದ ಅರ್ಥಶಾಸ್ತ್ರಜ್ಞ ಜಾನ್ ಹಾರ್ಟ್‌ವಿಕ್ 1977ರಲ್ಲಿ ಗಣಿತದಲ್ಲಿ ಬರೆದರು. ನಾರ್ವೆ ತನ್ನ ಸಮುದ್ರದ ತೈಲದ ಹಣಕ್ಕೆ 1990ರಲ್ಲಿ ನಿಧಿಯ ಕಾನೂನು ಮಾಡಿತು, 1996ರಲ್ಲಿ ಮೊದಲ ಕಂತು ಕಟ್ಟಿತು. ಇಂದು ಅದು ಜಗತ್ತಿನ ಅತಿ ದೊಡ್ಡ ಸರ್ಕಾರಿ ಹೂಡಿಕೆ ನಿಧಿಗಳಲ್ಲಿ ಒಂದು. ಪೆಸಿಫಿಕ್ ಸಾಗರದ ನೌರು ದ್ವೀಪ ರಂಜಕದ ಕಲ್ಲಿನಿಂದ ಒಂದು ಕಾಲಕ್ಕೆ ತಲಾದಾಯದಲ್ಲಿ ಜಗತ್ತಿನ ಮುಂಚೂಣಿಯಲ್ಲಿತ್ತು. ಅದರ ನಿಧಿ ಕೆಟ್ಟ ಹೂಡಿಕೆಗಳಲ್ಲಿ ಕರಗಿತು, ದ್ವೀಪದ ಒಡಲು ಬರಿದಾಯಿತು. ಮೈಸೂರು ಈ ಸಿದ್ಧಾಂತಗಳೆಲ್ಲ ಹುಟ್ಟುವ ಮೊದಲೇ, ನೂರಕ್ಕೆ ಐದರ ಪಾಲಿನಲ್ಲಿ, ಪರಾಧೀನ ಸಂಸ್ಥಾನವಾಗಿದ್ದುಕೊಂಡೇ, ಚಿನ್ನವನ್ನು ನದಿಯ ಶಕ್ತಿಯಾಗಿ ಮಾರ್ಪಡಿಸಿತ್ತು.

ಆದರೆ ಆ ಮಾರ್ಪಾಡು ನಡೆದದ್ದು ಕಾವೇರಿಯ ತಟದಲ್ಲಿ, ಬೆಂಗಳೂರಿನಲ್ಲಿ, ಮಂಡ್ಯದಲ್ಲಿ. ಚಿನ್ನ ಕೊಟ್ಟ ಜಾಗದಲ್ಲಲ್ಲ.

ಗಣಿಯ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಸೇಲಂ ಕಡೆಯ ತಮಿಳು ದಲಿತರು. ಚಿತ್ತೂರು ಕಡೆಯಿಂದ ತೆಲುಗರು ಬಂದರು. ಊರಿನ ಹೊರಗೇ ಬದುಕಬೇಕಾಗಿದ್ದ, ಭೂಮಿಯಿಲ್ಲದ, ಬರದಿಂದ ನಲುಗಿದ ಜನರಿಗೆ ತಿಂಗಳ ಕೊನೆಗೆ ಕೈಗೆ ನಗದು ಬರುವ ಕೆಲಸ ಎಂದರೆ ಒಂದು ಬಗೆಯ ಬಿಡುಗಡೆಯೂ ಆಗಿತ್ತು. ಜಮೀನ್ದಾರನ ಮುಂದೆ ಕೈಕಟ್ಟಿ ನಿಲ್ಲಬೇಕಿರಲಿಲ್ಲ. ಆ ಬಿಡುಗಡೆಗೆ ಅವರು ತೆತ್ತ ಬೆಲೆ ದೊಡ್ಡದು. ಮೇಲ್ವಿಚಾರಕರಾಗಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು ಬಂದಿದ್ದರು. ಅವರ ನಂತರ ಆಂಗ್ಲೋ ಇಂಡಿಯನ್ನರು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚುಗಳು ಎತ್ತರದಲ್ಲಿ ಎದ್ದವು. ಕಾರ್ಮಿಕರಿಗೆ ‘ಲೈನ್ಸ್’, ಬಿದಿರು ತಟ್ಟಿಯ ಗೋಡೆಯ ಸಾಲುಸಾಲು ಗುಡಿಸಲು. ಇಂದಿಗೂ ಕೆಜಿಎಫ್‌ನಲ್ಲಿ, ಅಂದರೆ ಕೋಲಾರದ ಈ ಚಿನ್ನದ ಗಣಿಗಳ ಊರಿನಲ್ಲಿ, ಯಾರನ್ನಾದರೂ ಮನೆ ಎಲ್ಲಿ ಎಂದು ಕೇಳಿದರೆ ಲೈನಿನ ಹೆಸರೇ ಉತ್ತರವಾಗಿ ಬರುತ್ತದೆ. ಗಣಿಯ ಆವರಣದ ಹೊರಗೆ, 20ನೇ ಶತಮಾನದ ಮೊದಲ ವರ್ಷಗಳಲ್ಲಿ, ವ್ಯಾಪಾರಿಗಳು, ಗುಮಾಸ್ತರು, ಕುಶಲಕರ್ಮಿಗಳು ತುಂಬಿದ ರಾಬರ್ಟ್‌ಸನ್‌ಪೇಟೆ ಅಡ್ಡ ಉದ್ದ ಬೀದಿಗಳ ಅಚ್ಚುಕಟ್ಟಾದ ಊರಾಗಿ ಬೆಳೆಯಿತು. ಕುಡಿಯುವ ನೀರು ಬೇತಮಂಗಲದಿಂದ, ಪಾಲಾರ್ ನದಿಯ ಕೆರೆಯಿಂದ ಬಂತು.

ಕೆಳಗೆ ಶಾಫ್ಟುಗಳು ಇಳಿಯುತ್ತ ಹೋದವು. ಚಾಂಪಿಯನ್ ರೀಫ್ ಗಣಿ ಹತ್ತು ಸಾವಿರ ಅಡಿ ದಾಟಿತು, ಅಂದರೆ ಮೂರು ಕಿಲೋಮೀಟರಿಗೂ ಆಳ. ಬಹುಕಾಲ ಅದು ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಗಿತ್ತು. ಆ ಆಳದಲ್ಲಿ ಬಂಡೆಯ ಶಾಖ 65 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ತಣ್ಣನೆ ಗಾಳಿಯನ್ನು ಮೇಲಿನಿಂದ ತಳ್ಳಿದರಷ್ಟೇ ಮನುಷ್ಯ ಅಲ್ಲಿ ಉಸಿರಾಡಬಲ್ಲ. ಕಲ್ಲು ತೆಗೆದ ಟೊಳ್ಳಿನ ಮೇಲೆ ಬೆಟ್ಟದ ಭಾರ ಕೂತಾಗ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಮೇಲೆ ಪೇಟೆಯ ಮನೆಗಳ ಗೋಡೆ ಅದುರುತ್ತಿತ್ತು, ಪಾತ್ರೆ ಉರುಳುತ್ತಿತ್ತು, ಹೆಂಗಸರು ಶಾಫ್ಟಿನ ಬಾಯಿಯ ಕಡೆ ಓಡುತ್ತಿದ್ದರು. ಬಂಡೆ ಸಿಡಿತದ ಕುರಿತ ಜಗತ್ತಿನ ತಿಳಿವಳಿಕೆಗೆ ಕೋಲಾರ ಬಹುದೊಡ್ಡ ಪಾಠಶಾಲೆ. ಆ ಪಾಠದ ಪ್ರತಿ ಪುಟದ ಹಿಂದೆ ಯಾರದೋ ಸಾವಿದೆ. ಸಿಡಿತದಿಂದ ಪಾರಾದವರ ಶ್ವಾಸಕೋಶದಲ್ಲಿ ಕಲ್ಲಿನ ದೂಳು ಕೂರುತ್ತಿತ್ತು. ಸಿಲಿಕೋಸಿಸ್ ಎಂಬ ವೈದ್ಯಕೀಯ ಪದ ಅಲ್ಲಿನ ಅಕ್ಷರ ಬಾರದ ಮುದುಕಿಯರಿಗೂ ಗೊತ್ತು.

ಸಹಿಸಿಕೊಂಡು ಸುಮ್ಮನಿದ್ದ ಜನ ಅವರಲ್ಲ. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಬೇಕು ಎಂಬ ಹೊಸ ನಿಯಮ ಬಂದಾಗ ಇಡೀ ಗಣಿ ಮೂರು ವಾರ ನಿಂತಿತು. ನಲವತ್ತರ ದಶಕದಲ್ಲಿ ಕೆ.ಎಸ್. ವಾಸನ್ ಮೊದಲಾದ ಕಮ್ಯುನಿಸ್ಟ್ ಮುಖಂಡರ ನೇತೃತ್ವದಲ್ಲಿ ಸಂಘಟನೆ ಗಟ್ಟಿಯಾಯಿತು. 1946ರ ದೀರ್ಘ ಮುಷ್ಕರದ ವರ್ಷ, ನವೆಂಬರ್ 4ರಂದು, ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಸ್ವಾತಂತ್ರ್ಯಕ್ಕೆ ಆಗ ಒಂಬತ್ತೇ ತಿಂಗಳು ಬಾಕಿ.

ಸ್ವತಂತ್ರ ಭಾರತದ ಕೈಗೆ ಬಂದಾಗ ಗಣಿಯ ಕೆನೆ ಹೋಗಿತ್ತು. 1956ರ ಕೊನೆಯಲ್ಲಿ ಮೈಸೂರು ರಾಜ್ಯ ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. 1962ರ ಡಿಸೆಂಬರಿನಲ್ಲಿ, ಚೀನಾ ಯುದ್ಧದ ಬೆನ್ನಿಗೆ ವಿದೇಶಿ ವಿನಿಮಯಕ್ಕಾಗಿ ದೇಶ ಪರದಾಡುತ್ತಿದ್ದ ಹೊತ್ತಿನಲ್ಲಿ, ಅವು ಕೇಂದ್ರ ಸರ್ಕಾರದ ಹಣಕಾಸು ಇಲಾಖೆಗೆ ಹೋದವು. ಮುಂದಿನ ತಿಂಗಳೇ ಮೊರಾರ್ಜಿ ದೇಸಾಯಿ ಅವರ ಚಿನ್ನ ನಿಯಂತ್ರಣ ಬಂತು. ಕೋಲಾರದ ಚಿನ್ನವನ್ನು ಸರ್ಕಾರ ಕೊಳ್ಳುತ್ತಿದ್ದದ್ದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಧಿಕೃತ ದರದಲ್ಲಿ. 1934ರಲ್ಲಿ ಅಮೆರಿಕ ನಿಗದಿ ಮಾಡಿದ ಔನ್ಸಿಗೆ 35 ಡಾಲರಿನ ದರವದು. ದೇಶದ ಪೇಟೆಯಲ್ಲಿ ಚಿನ್ನಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚಿನ ಬೆಲೆ ಇತ್ತು. ಗಣಿ ತಾನು ಕೊಳ್ಳುವ ಉಕ್ಕು, ಮರ, ಸಿಡಿಮದ್ದಿಗೆ ಪೇಟೆಯ ಬೆಲೆ ತೆರುತ್ತಿತ್ತು, ತನ್ನ ಚಿನ್ನವನ್ನು ಮಾತ್ರ ಅಧಿಕೃತ ಬೆಲೆಗೆ ಕೊಡುತ್ತಿತ್ತು. ಆ ವರ್ಷಗಳ ‘ನಷ್ಟ’ವನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು. ಗಣಿ ದೇಶದ ಬೊಕ್ಕಸಕ್ಕೆ ಚಿನ್ನ ತುಂಬಿತು, ತನ್ನ ಲೆಕ್ಕದ ಪುಸ್ತಕದಲ್ಲಿ ಸಾಲ ಬರೆದುಕೊಂಡಿತು. ಹಾಗೆ ಬರೆದ ಸಾಲವೇ ಮುಂದೆ ಅದರ ಮೇಲೆ ದೋಷಾರೋಪವಾಗಿ ನಿಂತಿತು. 1972ರ ಏಪ್ರಿಲ್‌ನಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕಂಪನಿಯಾದಾಗ ಟನ್ ಕಲ್ಲಿಗೆ ಸಿಗುತ್ತಿದ್ದ ಚಿನ್ನ ಮೊದಲ ದಶಕದ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿದಿತ್ತು, ಅದನ್ನು ತರಬೇಕಾದ ಆಳ ಹಲವು ಪಟ್ಟು ಹೆಚ್ಚಿತ್ತು.

ಆ ಆಳ ಬೇರೊಂದು ಬಗೆಯ ಸಂಪತ್ತನ್ನೂ ಕೊಟ್ಟಿತ್ತು, ಅದನ್ನು ನಾವು ಲೆಕ್ಕಕ್ಕೇ ಹಿಡಿಯಲಿಲ್ಲ. ಬಾಹ್ಯಾಕಾಶದಿಂದ ಸುರಿಯುವ ಕಣಗಳನ್ನು ಬಂಡೆ ತಡೆಯುತ್ತದೆ, ನ್ಯೂಟ್ರಿನೋ ಎಂಬ ಕಣವೊಂದೇ ತಡೆಯಿಲ್ಲದೆ ಬರುತ್ತದೆ. ಅದನ್ನು ಹಿಡಿಯಲು ಭೂಮಿಯಡಿ ಬಹು ಆಳದ ಜಾಗ ಬೇಕು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ.ಜಿ.ಕೆ. ಮೆನನ್, ಬಿ.ವಿ. ಶ್ರೀಕಂಠನ್ ಮತ್ತು ಸಂಗಡಿಗರು ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳ ಜೊತೆ ಚಾಂಪಿಯನ್ ರೀಫ್‌ನ 7,600 ಅಡಿ ಆಳದಲ್ಲಿ ಉಪಕರಣ ಹೂಡಿದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋದ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕಿದವರಲ್ಲಿ ಇವರು ಸೇರಿದ್ದರು. ಪ್ರೋಟಾನ್ ಎಂದಾದರೂ ಒಡೆಯುತ್ತದೆಯೇ ಎಂದು ನೋಡುವ ಪ್ರಯೋಗವೂ ಇಲ್ಲಿ ನಡೆಯಿತು. ಉಪಕರಣಗಳನ್ನು ಕೆಳಗಿಳಿಸಿದ್ದು ಗಣಿಯದೇ ಪಂಜರದ ಲಿಫ್ಟುಗಳು. ಬಂಡೆಯ ವಿಜ್ಞಾನಕ್ಕಾಗಿ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿತು. ಭೂಗರ್ಭ ವಿಜ್ಞಾನದ ಜಾಗತಿಕ ಕೇಂದ್ರವಾಗಬಲ್ಲ ಊರು ಇದಾಗಿತ್ತು. ಗಣಿ ಆಳದಿಂದ ಹಿಂದೆ ಸರಿಯುತ್ತ ಬಂದಂತೆ, ತೊಂಬತ್ತರ ದಶಕದ ಆರಂಭದಲ್ಲಿ, ಭೌತವಿಜ್ಞಾನಿಗಳು ಗಂಟುಮೂಟೆ ಕಟ್ಟಿದರು.

ಪರ್ಯಾಯ ಉದ್ಯೋಗದ ಒಂದೇ ಒಂದು ದೊಡ್ಡ ಪ್ರಯತ್ನವೆಂದರೆ 1964ರಲ್ಲಿ ಶುರುವಾದ ಭಾರತ್ ಅರ್ಥ್ ಮೂವರ್ಸ್, ಜನರ ಬಾಯಲ್ಲಿ ಬೆಮೆಲ್. ಅದರ ಕೆಜಿಎಫ್ ಘಟಕ ಇಲ್ಲದಿದ್ದರೆ ಊರಿನ ಗತಿ ಇನ್ನೂ ಕೆಡುತ್ತಿತ್ತು. ಆದರೆ ಅದೊಂದೇ ಸಾಲಲಿಲ್ಲ. 1992ರಲ್ಲಿ ಗಣಿ ಕಂಪನಿ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ಬಂತು. ಮುಚ್ಚಬೇಡಿ ಎಂದು ಕಾರ್ಮಿಕ ಸಂಘಟನೆಗಳು ಕೋರ್ಟು ಹತ್ತಿದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಗ ಚಿನ್ನದ ಬೆಲೆ ಔನ್ಸಿಗೆ 270 ಡಾಲರಿನ ಆಸುಪಾಸು, ಎರಡು ದಶಕಗಳಲ್ಲೇ ತೀರಾ ಕೆಳಗೆ. ಹತ್ತೇ ವರ್ಷದಲ್ಲಿ, 2011ರಲ್ಲಿ, ಅದು 1,900 ಡಾಲರ್ ಮುಟ್ಟಿತು. ಹಾಗೆಂದು ಗಣಿಯನ್ನು ಇನ್ನಷ್ಟು ವರ್ಷ ನಡೆಸಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನಾನು ವಾದಿಸುವುದಿಲ್ಲ. ಆಳದ ಬೇಗೆಯಲ್ಲಿ ಜನರನ್ನು ಇಳಿಸಿ, ಟನ್ನಿಗೆ ಮೂರು ಗ್ರಾಂ ತೆಗೆಯುವ ಕೆಲಸ ಎಂದಾದರೂ ನಿಲ್ಲಲೇಬೇಕಿತ್ತು. ಆ ದಿನ ಬರುತ್ತದೆ ಎಂದು ಐವತ್ತು ವರ್ಷ ಮೊದಲೇ ಎಲ್ಲರಿಗೂ ಗೊತ್ತಿತ್ತು, ಸಿದ್ಧತೆಯನ್ನು ಯಾರೂ ಮಾಡಲಿಲ್ಲ. ನನ್ನ ಆಕ್ಷೇಪ ಇದೊಂದೇ.

ಉಳಿದ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಂದರು. ಅವರಿಗೆ ಸಲ್ಲಬೇಕಾದ ಬಾಕಿ, ಕ್ವಾರ್ಟರ್ಸಿನ ಹಕ್ಕುಪತ್ರ, ಕಂಪನಿಯ ಸುಮಾರು ಹನ್ನೆರಡು ಸಾವಿರ ಎಕರೆ ಭೂಮಿ, ಇವುಗಳ ವ್ಯಾಜ್ಯ ವರ್ಷಾನುಗಟ್ಟಲೆ ಎಳೆಯಿತು. ಜಾಗತಿಕ ಟೆಂಡರಿಗೆ ಸುಪ್ರೀಂ ಕೋರ್ಟ್ 2013ರಲ್ಲಿ ಒಪ್ಪಿಗೆ ಕೊಟ್ಟರೂ ಗಣಿ ಮತ್ತೆ ತೆರೆಯಲಿಲ್ಲ. ಪಂಪುಗಳು ನಿಂತ ಮೇಲೆ ಕೆಳಗಿನ ಸುರಂಗಗಳಲ್ಲಿ ನೀರು ತುಂಬಿತು. ಮೇಲೆ ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲುಗಳು ತುಂಬಿದವು. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೆಳಗಿನ ಜಾವಕ್ಕೇ ಹೊರಟು ಬೆಂಗಳೂರಿನ ಕಚೇರಿ, ಆಸ್ಪತ್ರೆ, ಕಾರ್ಖಾನೆ, ಕಟ್ಟಡಗಳಲ್ಲಿ ದುಡಿದು ರಾತ್ರಿ ಮರಳುತ್ತಾರೆ. ಅವರ ಮುತ್ತಜ್ಜಂದಿರು ತೆಗೆದ ಚಿನ್ನದ ಬಲದಿಂದ ಬಂದ ವಿದ್ಯುತ್ತಿನಿಂದಲೇ ಆ ನಗರ ಬೆಳೆದದ್ದು.

ನೂರಿಪ್ಪತ್ತು ವರ್ಷಗಳಲ್ಲಿ ಕೋಲಾರದಿಂದ ಹೊರಬಂದ ಒಟ್ಟು ಚಿನ್ನ ಸುಮಾರು 800 ಟನ್. ಭಾರತ ಇವತ್ತು ಒಂದೊಂದು ವರ್ಷದಲ್ಲಿ ಆಮದು ಮಾಡಿಕೊಳ್ಳುವ ಚಿನ್ನವೂ ಹೆಚ್ಚುಕಡಿಮೆ ಅಷ್ಟೇ. ಮೂರ್ನಾಲ್ಕು ತಲೆಮಾರುಗಳು ಪಾತಾಳಕ್ಕಿಳಿದು ತೆಗೆದದ್ದನ್ನು ದೇಶ ಈಗ ಹನ್ನೆರಡು ತಿಂಗಳಲ್ಲಿ ಕೊಂಡು ತಿಜೋರಿಯಲ್ಲಿ ಇಡುತ್ತದೆ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟಾಗ ನನಗೆ ಸಂಕಟವಾಗುತ್ತದೆ.

ಕರ್ನಾಟಕದ ಮಟ್ಟಿಗೆ ಈ ಕಥೆ ಮುಗಿದ ಇತಿಹಾಸವೂ ಅಲ್ಲ. ರಾಯಚೂರಿನ ಹಟ್ಟಿಯಲ್ಲಿ ರಾಜ್ಯದ್ದೇ ಚಿನ್ನದ ಗಣಿ ನಡೆಯುತ್ತಿದೆ. ಬಳ್ಳಾರಿಯ ಕಬ್ಬಿಣದ ಅದಿರು ಚೀನಾದ ಬೇಡಿಕೆಯ ವರ್ಷಗಳಲ್ಲಿ ಹೇಗೆ ಹೋಯಿತು ಎಂಬುದನ್ನು ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ವರದಿಯಲ್ಲಿ ಬರೆದಿಟ್ಟರು. ಅಲ್ಲಿ ಸಂಸ್ಥಾನದ ಕಾಲದ ನೂರಕ್ಕೆ ಐದೂ ಸರಿಯಾಗಿ ಬೊಕ್ಕಸ ಸೇರಲಿಲ್ಲ. ಗೋವಾದ ಅದಿರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಮಾರಾಟದ ಹಣದ ನೂರಕ್ಕೆ ಹತ್ತನ್ನು ಮುಂದಿನ ತಲೆಮಾರುಗಳಿಗಾಗಿ ಶಾಶ್ವತ ನಿಧಿಯಲ್ಲಿ ಇಡಬೇಕೆಂದು ಹೇಳಿತು. 2015ರ ಕಾನೂನು ತಿದ್ದುಪಡಿ ಗಣಿ ಇರುವ ಪ್ರತಿ ಜಿಲ್ಲೆಯಲ್ಲೂ ಖನಿಜ ಪ್ರತಿಷ್ಠಾನ ಇರಬೇಕೆಂದಿತು. ಕೋಲಾರಕ್ಕೆ ಇಂಥದ್ದು ನೂರು ವರ್ಷ ಮೊದಲು ಬೇಕಾಗಿತ್ತು.

ಈಗ ಮಾತು ಮತ್ತೆ ಕೆಜಿಎಫ್ ಕಡೆ ತಿರುಗಿದೆ. ಪುಡಿಮಾಡಿದ ಕಲ್ಲಿನಿಂದ ಸೈನೈಡ್ ದ್ರಾವಣದ ಮೂಲಕ ಚಿನ್ನ ಬಸಿದು ಉಳಿದ ಹಿಟ್ಟನ್ನು ಗಣಿಗಳು ನೂರು ವರ್ಷ ಊರ ಸುತ್ತ ಗುಡ್ಡೆ ಹಾಕಿದವು. ಊರಿನವರ ಬಾಯಲ್ಲಿ ಅವು ಸೈನೈಡ್ ದಿಬ್ಬಗಳು. ಸಿನಿಮಾದವರಿಗೆ ಅವು ಬೂದು ಬಣ್ಣದ ಹಿನ್ನೆಲೆ. ಗಾಳಿಯ ತಿಂಗಳುಗಳಲ್ಲಿ ಅದರ ಸಣ್ಣ ಪುಡಿ ಎದ್ದು ಮನೆಯೊಳಗೆ, ಅನ್ನದ ಪಾತ್ರೆಯೊಳಗೆ, ಗಣಿಗೆ ಎಂದೂ ಇಳಿಯದ ಮಕ್ಕಳ ಎದೆಯೊಳಗೆ ಸೇರುತ್ತದೆ. ಮೂರು ಕೋಟಿ ಟನ್ನಿಗೂ ಹೆಚ್ಚಿರುವ ಈ ದಿಬ್ಬಗಳಲ್ಲಿ ಹಳೆಯ ವಿಧಾನಕ್ಕೆ ಸಿಗದೆ ಉಳಿದ ಚಿನ್ನ ಅಲ್ಪಸ್ವಲ್ಪ ಇದೆ, ಇಂದಿನ ಬೆಲೆಯಲ್ಲಿ ಅದನ್ನು ತೆಗೆಯುವುದು ಗಿಟ್ಟುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ 13 ದಿಬ್ಬಗಳ ಹರಾಜಿನ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು.

ಕೋಲಾರದ ಚಿನ್ನಕ್ಕೆ ಇದು ಬಹುಶಃ ಕೊನೆಯ ಕಂತು. ಆದ್ದರಿಂದ ಹರಾಜಿನ ಕರಾರು ಪತ್ರ ಬರೆಯುವ ಮುನ್ನವೇ ಕೆಲವು ಸಂಗತಿಗಳು ಅದರಲ್ಲಿ ಸೇರಬೇಕು. ದಿಬ್ಬ ಕದಡುವಾಗ ಏಳುವ ದೂಳನ್ನು ಹೇಗೆ ಹಿಡಿಯುತ್ತಾರೆ, ಬತ್ತಿದ ಪಾಲಾರ್ ಕಣಿವೆಯಲ್ಲಿ ಅದಕ್ಕೆ ಬೇಕಾದ ನೀರನ್ನು ಎಲ್ಲಿಂದ ತರುತ್ತಾರೆ, ಎರಡನೇ ಸಲ ಚಿನ್ನ ತೆಗೆದ ಹಿಟ್ಟನ್ನು ಎಲ್ಲಿ ಹಾಕುತ್ತಾರೆ. ಬರುವ ರಾಜಧನದಲ್ಲಿ ಇಂತಿಷ್ಟು ಪಾಲು ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ ಮತ್ತು ಲೈನುಗಳ ಜನರಿಗೆ, ಅವರ ಶ್ವಾಸಕೋಶದ ಚಿಕಿತ್ಸೆಗೆ, ಅವರ ಮಕ್ಕಳು ಬೆಳಗಿನ ರೈಲು ಹತ್ತದೆಯೂ ದುಡಿಯಬಲ್ಲ ಕಾರ್ಖಾನೆ ಮತ್ತು ಕಾಲೇಜುಗಳಿಗೆ ಎಂದು ಸಂಖ್ಯೆ ಹಾಕಿ ಬರೆಯಬೇಕು. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಗಣಿಯ ಗುತ್ತಿಗೆ ಲಂಡನ್ನಿನವರ ಕೈಯಲ್ಲಿತ್ತು, ಷರತ್ತು ಹಾಕುವ ಅಧಿಕಾರ ಮೈಸೂರಿಗೆ ಅರೆಬರೆ ಇತ್ತು. ಈಗ ದಿಬ್ಬಗಳೂ ನಮ್ಮವು, ಭೂಮಿಯೂ ನಮ್ಮದು, ಷರತ್ತು ಬರೆಯುವ ಸರ್ಕಾರಗಳೂ ನಮ್ಮವೇ.